ಉಪ್ಪುಗಾಳಿ ಕ್ಯಾಸೆಟ್ಟಿನಿಂದ ತೆಗೆದ ಸಾಲು

ಹೋದ ತಿಂಗಳು ಒಬ್ಬ ತರುಣ ನಮ್ಮ ಮನೆಗೆ ಬಂದಿದ್ದ. ಚೀಲದಿಂದ ಹಳೆಯ ಟೇಪ್ ರೆಕಾರ್ಡರ್ ತೆಗೆದು ಟೀಪಾಯಿಯ ಮೇಲಿಟ್ಟ. ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅದರ ಹೆಡ್ ಒರೆಸತೊಡಗಿದ. ಬೇರೆಯವರಿಗೆ ಅದು ದವಾಖಾನೆಯ ವಾಸನೆ. ನನಗೆ ಮಾತ್ರ ಹುಬ್ಬಳ್ಳಿಯ ಒಂದು ಹಳೆಯ ಕಟ್ಟಡದ ನೆಲಮಹಡಿಯ ಕೋಣೆ ಮೂಗಿಗೆ ಬಂದು ಬಡಿಯಿತು. ಗೋಡೆಗೆಲ್ಲ ಗೋಣಿತಟ್ಟು ಹೊಡೆದ, ಕಿಟಕಿಯಿಲ್ಲದ ಕೋಣೆ. ಅಲ್ಲಿ ಪ್ರತಿ ರೆಕಾರ್ಡಿಂಗಿಗೂ ಮುಂಚೆ ಇದೇ ವಾಸನೆ ಏಳುತ್ತಿತ್ತು. ಆ ವಾಸನೆಯ ಹಿಂದೆಯೇ ಕಾಕಾ ಬಂದರು. ಇಷ್ಟು ವರ್ಷ ನಾನು ಬೇಕಂತಲೇ ನೆನೆಯದೆ ಬಿಟ್ಟಿದ್ದ ಮನುಷ್ಯ.

ತರುಣನ ಕೈಯಲ್ಲಿದ್ದದ್ದು 'ಉಪ್ಪುಗಾಳಿ' ಎಂಬ ಬ್ಯಾಂಡಿನ ಒಂದೇ ಒಂದು ಕ್ಯಾಸೆಟ್. ಎಲ್ಲೋ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. ಅವನು ಅದನ್ನು ಇಂಟರ್ನೆಟ್ಟಿಗೆ ಹಾಕಿದ ಮೇಲೆ ದೇಶ ವಿದೇಶದವರು ಕೇಳಿ ತಲೆ ಕೆಡಿಸಿಕೊಂಡಿದ್ದಾರಂತೆ. ಹಾಡುವವರಿಲ್ಲದ ಗಿಟಾರ್ ಸಂಗೀತ ಅದು. ತಂತಿಯ ದನಿ ನೀರಿನೊಳಗಿಂದ ಎದ್ದು ಬಂದ ಹಾಗೆ ನಡುಗುತ್ತದೆ. ಇದಕ್ಕೆ ಸರ್ಫ್ ರಾಕ್ ಅನ್ನುತ್ತಾರೆ, ಹಲಗೆಯ ಮೇಲೆ ನಿಂತು ಸಮುದ್ರದ ತೆರೆ ಏರುವವರ ಸಂಗೀತ ಎಂದು ಅವನೇ ಹೇಳಿದ. ಸಮುದ್ರವಿಲ್ಲದ ಹುಬ್ಬಳ್ಳಿಯಲ್ಲಿ ಇದು ಹೇಗೆ ಹುಟ್ಟಿತು, ಯಾರು ನುಡಿಸಿದರು ಎಂಬುದು ಎಲ್ಲರ ಪ್ರಶ್ನೆಯಂತೆ. ಕ್ಯಾಸೆಟ್ಟಿನೊಳಗಿನ ಕಾರ್ಡಿನಲ್ಲಿ ನಾಲ್ಕು ಹೆಸರುಗಳಿದ್ದವು. ಆ ನಾಲ್ವರೂ ಎಲ್ಲೂ ಸಿಗಲಿಲ್ಲವಂತೆ. ಸಿಕ್ಕಿದ್ದು ಕೆಳಗಿನ ಕಡೆಯ ಸಾಲಿನಲ್ಲಿದ್ದ ಒಬ್ಬಳು ಮಾತ್ರ: 'ಬರವಣಿಗೆ' ಎಂದಿದ್ದು, ಮುಂದೆ ನನ್ನ ಹೆಸರು, ಹೆಸರಿನ ಮುಂದೆ ಬಿ.ಎ.

"ಮೇಡಂ, ಗಿಟಾರ್ ನುಡಿಸಿದವರು ಯಾರಂತ ನಿಮಗರೆ ಗೊತ್ತೇನ್ರಿ?" ಎಂದು ಅವನು ಕೇಳಿದ.

ಗೊತ್ತು, ಎಂದೆ. ಆದರೆ ಹೆಸರು ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮದು ಹುಬ್ಬಳ್ಳಿ ಧಾರವಾಡದ ನಡುವಿನ ರಾಯಾಪುರ. ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದ. ಅವ್ವ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ನಮ್ಮ ಎರಡೂ ಕಡೆಯ ಬಳಗದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಪಾಸಿನ ಬಸ್ಸಿನಲ್ಲಿ ನಿಂತು ಧಾರವಾಡಕ್ಕೆ ಹೋಗಿ, ನಿಂತು ತಿರುಗಿ ಬಂದು, ಇದ್ದ ಎರಡು ಜೊತೆ ಬಟ್ಟೆಯಲ್ಲಿ ಮೂರು ವರ್ಷ ಕಳೆದು ನಾನು ಬಿ.ಎ. ಮಾಡಿದೆ. ಇದನ್ನು ಹೇಳುವಾಗ ನನ್ನ ದನಿ ಈಗಲೂ ಸ್ವಲ್ಪ ಏರುತ್ತದೆ. ಏರಲಿ. ಗಳಿಸಿದ್ದು ನಾನು. ಅಪ್ಪನಿಗೆ ಓದಲು ಬರುತ್ತಿದ್ದದ್ದು ಎರಡೇ: ತನ್ನ ಸಹಿ ಮತ್ತು ನನ್ನ ಹೆಸರು. ನನ್ನ ಪಾಟಿಯ ಮೇಲೆ ದಿನಾ ನೋಡಿ ನೋಡಿ ಕಲಿತದ್ದು.

ಡಿಗ್ರಿ ಮುಗಿದ ವರ್ಷ ನನಗೆ ಹುಬ್ಬಳ್ಳಿಯ ಆ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಮಾಲೀಕರನ್ನು ನಾವೆಲ್ಲ ಸಾಹುಕಾರ್ರು ಅನ್ನುತ್ತಿದ್ದೆವು. ಭಜನೆ, ತತ್ವಪದ, ಮದುವೆಯ ಸೋಬಾನ ಇವೇ ಅವರ ಕ್ಯಾಸೆಟ್ಟುಗಳು. ಹಾಡುವವರ ಉಚ್ಚಾರ ತಿದ್ದುವುದು, ಕ್ಯಾಸೆಟ್ಟಿನ ಕಾರ್ಡಿಗೆ ಮಜಕೂರು ಬರೆಯುವುದು, ಪ್ರೆಸ್ಸಿನವರು ಕೊಟ್ಟ ಪ್ರೂಫ್ ನೋಡುವುದು ನನ್ನ ಕೆಲಸ. ಯಂತ್ರವನ್ನು ಸಾಹುಕಾರ್ರೇ ನಡೆಸುತ್ತಿದ್ದರು. ವಾದ್ಯಕ್ಕೆ ಕಾಕಾ ಇದ್ದರು.

ಸ್ಟುಡಿಯೋದವರೆಲ್ಲ ಕಾಕಾ ಎನ್ನುತ್ತಿದ್ದ ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ರಜೆಯ ದಿನ ಮತ್ತು ಬೆಳಗಿನ ಪಾಳಿ ಮುಗಿದ ಮಧ್ಯಾಹ್ನ ಬರುತ್ತಿದ್ದರು. ಐವತ್ತರ ಆಚೀಚೆ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಭಜನೆಗೆ ಬೆಂಜೊ, ಸೋಬಾನಕ್ಕೆ ಕ್ಲಾರಿನೆಟ್, ಬೇಕಾದರೆ ಡ್ರಮ್ಮು, ಯಾವುದು ಕೊಟ್ಟರೂ ನುಡಿಸುತ್ತಿದ್ದರು. ಮದುವೆಯ ಸೀಜನ್ನಿನಲ್ಲಿ ಬ್ಯಾಂಡ್ ಕಂಪನಿಯ ಕೆಂಪು ಕೋಟು ತೊಟ್ಟು ಮೆರವಣಿಗೆಯಲ್ಲೂ ಹೋಗುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಗಿಟಾರಿನಲ್ಲಿ. ಚಿಕ್ಕಂದಿನಲ್ಲಿ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಗಾರ್ಡ್ ಸಾಹೇಬರು ಕಲಿಸಿದ್ದರಂತೆ. ಆ ಸಾಹೇಬರು ದೇಶ ಬಿಟ್ಟು ಹೋಗುವಾಗ ತಮ್ಮ ಗಿಟಾರನ್ನೂ ಸಮುದ್ರದ ಎರಡು ರೆಕಾರ್ಡುಗಳನ್ನೂ ಇವರಿಗೆ ಕೊಟ್ಟು ಹೋಗಿದ್ದರು. ಸಮುದ್ರದ ರೆಕಾರ್ಡು ಎಂಬುದು ಕಾಕಾನ ಮಾತು, ತರುಣ ಹೇಳಿದ ಸರ್ಫ್ ರಾಕ್ ಅದೇ ಇರಬೇಕು. ಅವನ್ನು ಕೇಳುತ್ತ ಕೇಳುತ್ತ ಅವೆರಡೂ ಸವೆದು ಹೋಗಿ, ಕಡೆಗೆ ಬರೀ ಮರಳು ಜರಡಿ ಹಿಡಿದ ಸದ್ದು ಉಳಿಯಿತೆಂದು ನಗುತ್ತಿದ್ದರು. ಸಮುದ್ರವನ್ನು ಮಾತ್ರ ಅವರು ಕಂಡಿರಲಿಲ್ಲ.

ಶಾಲೆಯ ಟೀಚರಿಗೆ ಅನ್ನುವ ಹಾಗೆ, ನನ್ನನ್ನು ಅವರು 'ಬಿಯೇ ಬಾಯಾರ' ಎಂದು ಕರೆಯುತ್ತಿದ್ದರು. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಚೇಷ್ಟೆ ಅನ್ನಿಸುತ್ತಿತ್ತು. ಅವರ ಬಾಯಲ್ಲಿ ಅದು ಪದವಿಯಾಗಿ ಕೇಳುತ್ತಿತ್ತು. ಒಮ್ಮೆ ಹಾಡುಗಾರನೊಬ್ಬ ನಾನು ಉಚ್ಚಾರ ತಿದ್ದಿದ್ದಕ್ಕೆ ಮುಖ ಕೆಡಿಸಿಕೊಂಡಾಗ, "ಅವರು ಓದ್ಯಾರಪಾ. ನಾವು ಬರೇ ಒದರೇವಿ. ತಿದ್ಕೋ" ಅಂದಿದ್ದರು. ಆ ಮಾತು ನನಗೆ ಎಷ್ಟು ಬಲ ಕೊಟ್ಟಿತೆಂದರೆ…

ಕಾರವಾರದ ಕಡೆಯ ಒಬ್ಬ ವ್ಯಾಪಾರಿ ಸಾಹುಕಾರ್ರಿಗೆ ಒಂದು ಸುದ್ದಿ ತಂದ. ಸಮುದ್ರದ ದಂಡೆಯ ಹೋಟೆಲುಗಳಲ್ಲಿ ಹಾಕಲು ಹಾಡಿಲ್ಲದ ಗಿಟಾರ್ ಕ್ಯಾಸೆಟ್ ಬೇಕು, ತರುಣರ ಬ್ಯಾಂಡಿನದಾಗಿರಬೇಕು, ಕಾರ್ಡಿನ ಮೇಲೆ ಚೆಂದದ ಮುಖಗಳಿರಬೇಕು. ಸಾಹುಕಾರ್ರು ಒಂದು ದಿನವೂ ಯೋಚಿಸಲಿಲ್ಲ. ಬ್ಯಾಂಡ್ ಎಲ್ಲಿದೆ ಎಂದು ನಾನು ಕೇಳಿದರೆ ಕಾಕಾನ ಕಡೆ ಕೈ ತೋರಿಸಿದರು. ಇವರು ಒಬ್ಬರೇ ಇದ್ದಾರಲ್ಲ ಎಂದೆ. "ಒಬ್ಬರನ್ನ ನಾಕ್ ಸಲ ಬಾರಸಾಕ ಹಚ್ಚಿದ್ರ ನಾಕ್ ಮಂದಿ ಆಗ್ತಾರ" ಅಂದರು. ಹಾಗೆಯೇ ಆಯಿತು ಕೂಡ.

ಎರಡು ಯಂತ್ರಗಳಿದ್ದವು. ಕಾಕಾ ಮೊದಲು ಡ್ರಮ್ಮು ಬಾರಿಸಿ ಒಂದರಲ್ಲಿ ತುಂಬುತ್ತಿದ್ದರು. ಅದನ್ನು ಹಾಕಿಕೊಂಡು, ಜೊತೆಗೆ ಗಿಟಾರಿನ ದಪ್ಪ ತಂತಿಗಳಲ್ಲಿ ತಳದ ಸ್ವರ ನುಡಿಸುತ್ತ, ಎರಡನ್ನೂ ಎರಡನೆಯದರಲ್ಲಿ ತುಂಬುತ್ತಿದ್ದರು. ಮತ್ತೆ ಅದರ ಮೇಲೆ ಹಿಂದೆ ತಾಳ ಹಿಡಿಯುವ ಗಿಟಾರು, ಅದರ ಮೇಲೆ ಮುಂದೆ ರಾಗ ನುಡಿಸುವ ಗಿಟಾರು. ಪ್ರತಿ ಸಲ ಮೇಲೆ ಹಾಕಿದಾಗ ಕೆಳಗಿನದು ಸ್ವಲ್ಪ ಮಸುಕಾಗುತ್ತಿತ್ತು. ಹಾಗಾಗಿ ಡ್ರಮ್ಮನ್ನು ಅವರು ಮೊದಲೇ ಜೋರಾಗಿ, ಸಿಟ್ಟು ಬಂದವರ ಹಾಗೆ ಬಾರಿಸಿಡುತ್ತಿದ್ದರು. ನಾಲ್ಕನೆಯ ಸಲಕ್ಕೆ ಅದು ಹದವಾಗಿ ಕೇಳುತ್ತಿತ್ತು. ಮೂರು ಸುತ್ತು ಮುಂದೆ ಏನು ಮಸುಕಾಗುತ್ತದೆ ಎಂದು ಇವತ್ತೇ ಲೆಕ್ಕ ಹಾಕಿ ನುಡಿಸುವುದು… ಆ ಜಾಣತನವನ್ನು ನಾನು ಯಾವ ಕಾಲೇಜಿನಲ್ಲೂ ಕಾಣಲಿಲ್ಲ.

ಇನ್ನು ದನಿ ಗುಂಯ್‌ಗುಡುವ ಉಪಾಯ. ಅಂಥ ಯಂತ್ರ ನಮ್ಮಲ್ಲಿರಲಿಲ್ಲ. ಕಟ್ಟಡದ ಅಂಗಳದಲ್ಲಿ ನೆಲದೊಳಗಿನ ನೀರಿನ ಟಾಕಿಯೊಂದಿತ್ತು. ಕಾಕಾ ಹಗ್ಗ ಕಟ್ಟಿ ಒಂದು ಸ್ಪೀಕರನ್ನು ಅದರೊಳಗೆ ಇಳಿಬಿಟ್ಟು, ಇನ್ನೊಂದು ಮೂಲೆಗೆ ಮೈಕು ತೂಗುಬಿಟ್ಟರು. ಗಿಟಾರಿನ ಸದ್ದು ಟಾಕಿಯೊಳಗೆ ಹೋಗಿ ಗೋಡೆಗೆಲ್ಲ ಬಡಿದು ತಿರುಗಿ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಬರುವುದು ಎಂಟೋ ಹತ್ತೋ ದಿನಕ್ಕೊಮ್ಮೆ. ಬಂದ ದಿನ ಟಾಕಿ ತುಂಬುತ್ತದೆ, ಬರಬರುತ್ತ ಖಾಲಿಯಾಗುತ್ತದೆ. ಆದ್ದರಿಂದ ನಮ್ಮ ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಓಣಿಯ ಹೆಣ್ಣುಮಕ್ಕಳು ನೀರಿಲ್ಲವೆಂದು ಕಾರ್ಪೊರೇಶನ್ನಿಗೆ ಬೈಯುವ ದಿನಗಳಲ್ಲಿ. ಅವರು ಬೈಯತೊಡಗಿದರೆ ಕಾಕಾ ಗಿಟಾರಿನ ತಂತಿ ಬಿಗಿಯುತ್ತಿದ್ದರು.

ಒಂದು ಮಧ್ಯಾಹ್ನ ಕಡೆಯ ಗಿಟಾರು ತುಂಬುತ್ತಿರುವಾಗ ಹೇಳದೆ ಕೇಳದೆ ನಳ ಬಂದುಬಿಟ್ಟಿತು. ಟಾಕಿಯೊಳಗೆ ನೀರು ಧುಮುಕುವ ಸದ್ದು ಮೈಕಿನಲ್ಲಿ ತುಂಬಿತು. ಸಾಹುಕಾರ್ರು ಯಂತ್ರ ನಿಲ್ಲಿಸಲು ಕೈ ಹಾಕಿದರು. ಕಾಕಾ ನುಡಿಸುವುದನ್ನು ಬಿಡದೆ ತಲೆ ಅಲ್ಲಾಡಿಸಿದರು. ಏರುತ್ತಿದ್ದ ನೀರಿನೊಂದಿಗೆ ದನಿಯೂ ಬದಲಾಯಿತು. ತಂತಿಯ ಪ್ರತಿ ಪೆಟ್ಟೂ ಒದ್ದೆಯಾಗಿ, ಅಗಲವಾಗಿ, ಹಿಂದೆ ಸರಿದು ಮತ್ತೆ ಬರುವ ಹಾಗೆ ಕೇಳತೊಡಗಿತು. ಹಾಡು ಮುಗಿದ ಮೇಲೆ ಸಾಹುಕಾರ್ರು ಯಂತ್ರ ನಿಲ್ಲಿಸಿದರು.

"ಸಾಹುಕಾರ್ರ, ಇದನ್ನ ಅಳಸಬ್ಯಾಡ್ರಿ" ಅಂದರು ಕಾಕಾ. "ನಾನು ಸಮುದ್ರಕ್ಕ ಹೋಗಲಿಲ್ಲಂತ ಅದ ಟಾಕಿಗೆ ಬಂದೈತಿ."

ಇವತ್ತು ವಿದೇಶದವರು ತಲೆ ಕೆಡಿಸಿಕೊಂಡಿರುವುದು ಆ ಒಂದು ಹಾಡಿನ ಬಗ್ಗೆ.

ಬ್ಯಾಂಡಿಗೆ ಉಪ್ಪುಗಾಳಿ ಎಂದು ಹೆಸರಿಟ್ಟವಳು ನಾನು. ನಾಲ್ವರ ಹೆಸರು ಹುಟ್ಟಿಸಿದವಳೂ ನಾನೇ. ಕಾರವಾರದ ಮೀನುಗಾರ ಕೇರಿಯ ನಾಲ್ವರು ಗೆಳೆಯರು, ದೋಣಿಯ ಮೇಲೆ ಗಿಟಾರ್ ಕಲಿತವರು ಎಂದು ಒಂದು ಪುಟ್ಟ ಕಥೆ ಕಟ್ಟಿದೆ. ಸುಳ್ಳೇ, ಆದರೆ ಅದರಿಂದ ಯಾರಿಗೂ ನೋವಿಲ್ಲ ಎಂದುಕೊಂಡಿದ್ದೆ. ಫೋಟೋಕ್ಕೆ ಸಾಹುಕಾರ್ರು ಧಾರವಾಡದ ಹಾಸ್ಟೆಲಿನ ನಾಲ್ವರು ಹುಡುಗರನ್ನು ಗಿರ್ಮಿಟ್ ಮಿರ್ಚಿ ತಿನ್ನಿಸುವ ಆಸೆ ತೋರಿಸಿ ಕರೆತಂದಿದ್ದರು. ಉಣಕಲ್ ಕೆರೆಯೇ ಅರಬ್ಬೀ ಸಮುದ್ರವಾಯಿತು. ಒಬ್ಬ ಗಿಟಾರನ್ನು ಹಿಂದುಮುಂದು ಹಿಡಿದಿದ್ದ. ಇನ್ನೊಬ್ಬನ ಹಿಂದೆ ಎಮ್ಮೆಯೊಂದು ಬಂದು ನಿಲ್ಲುತ್ತಿತ್ತು. ಕಾಕಾ ಒಬ್ಬೊಬ್ಬರ ಬೆರಳು ಹಿಡಿದು ತಂತಿಯ ಮೇಲೆ ಎಲ್ಲಿಡಬೇಕೆಂದು ತೋರಿಸುತ್ತಿದ್ದರು. ಫೋಟೋ ತೆಗೆಯುವವನು, "ಕಾಕಾ, ಒಂಚೂರು ಆಚೆ ಸರೀರಿ, ನೆಳ್ಳ ಬೀಳಾಕತ್ತೈತಿ" ಅಂದ. ಸರಿದು ನಿಂತರು. ಅವರ ನೆರಳೂ ಇಲ್ಲದ ಹಾಗೆ ಆ ಫೋಟೋ ಬಂತು.

ತಿರುಗಿ ಬರುವಾಗ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಕಾಕಾ ಗಿಟಾರನ್ನು ಹಳೆಯ ಚಾದರದಲ್ಲಿ ಸುತ್ತಿ ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಮಾತು ತೆಗೆದರು.

"ಬಾಯಾರ, ಕಾರ್ಡ್ ನೀವ ಬರೀತೀರಲ್ಲ. ಕೆಳಗ ಎಲ್ಲೆರೆ, ಸಣ್ಣ ಅಕ್ಷರದಾಗ, ನನ್ನ ಹೆಸರ ಬರಿಯಾಕ ಬರ್ತೈತೇನ್ರಿ?"

ನಾನು ಉತ್ತರ ಕೊಡುವ ಮುಂಚೆಯೇ ಅವರು ಕಾರಣ ಹೇಳಿಬಿಟ್ಟರು. ಮೂವತ್ತು ವರ್ಷದಿಂದ ಬಾರಿಸುತ್ತಿದ್ದರು. ಡ್ರಮ್ಮಿನ ಮೇಲೆ ಬ್ಯಾಂಡ್ ಕಂಪನಿಯ ಹೆಸರು, ಕ್ಯಾಸೆಟ್ಟಿನ ಮೇಲೆ ಹಾಡುವವರ ಹೆಸರು. ಎಂಟನೆಯ ಇಯತ್ತೆ ಓದುವ ಮಗಳು ಕ್ಯಾಸೆಟ್ಟುಗಳನ್ನೆಲ್ಲ ತಿರುವಿ ತಿರುವಿ ನೋಡಿ, ಅಪ್ಪಾ ನಿನ್ನ ಹೆಸರು ಎಲ್ಲೈತಿ ಎಂದು ಕೇಳುತ್ತಾಳಂತೆ. ಈ ಸಲ ಎಲ್ಲ ವಾದ್ಯವೂ ನನ್ನದೇ, ಈ ಸಲವಾದರೂ ತೋರಿಸಬೇಕು ಅಂದರು. ಕೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಬಸ್ಸು ಬರುವ ದಿಕ್ಕನ್ನು ನೋಡುತ್ತಿದ್ದರು.

ಬರೆಯುತ್ತೇನೆ ಕಾಕಾ, ಅದೇನು ದೊಡ್ಡ ಮಾತು, ಎಂದೆ.

ಬರೆದೆ ಕೂಡ. ಸಾಹುಕಾರ್ರನ್ನೂ ಕೇಳಿದೆ. ಅವರು ಯಂತ್ರದಿಂದ ತಲೆ ಎತ್ತದೆ, ಕೆಳಗ ಯಾರು ನೋಡ್ತಾರ, ಹಾಕು, ಅಂದರು. ಕಾರ್ಡಿನ ಕಡೆಯ ಎರಡು ಸಾಲು ಹೀಗಿದ್ದವು. ಒಂದರಲ್ಲಿ 'ಗಿಟಾರ್ ಮತ್ತು ಎಲ್ಲ ವಾದ್ಯ' ಎಂದು ಕಾಕಾನ ಪೂರ್ತಿ ಹೆಸರು. ಅದರ ಕೆಳಗೆ 'ಬರವಣಿಗೆ' ಎಂದು ನನ್ನ ಹೆಸರು, ಬಿ.ಎ.

ಪ್ರೂಫ್ ನೋಡಲು ಪ್ರೆಸ್ಸಿಗೆ ಹೋದ ದಿನ, ಅಲ್ಲಿ ಅಚ್ಚು ಜೋಡಿಸುವ ಮಾಸ್ತರರು ಅಳತೆಪಟ್ಟಿ ಇಟ್ಟು ತೋರಿಸಿದರು. ನಕಲು ಮಾಡಬಾರದು ಎಂಬ ಸೂಚನೆಯನ್ನು ಹಾಕಲೇಬೇಕು, ಒಂದು ಸಾಲು ಹೆಚ್ಚಾಗಿದೆ. "ಯಾವುದ ತಗೀಲಿ, ನೀವ ಹೇಳ್ರಿ" ಅಂದರು.

ನಾನು ಇಲ್ಲಿ ಸುತ್ತಿ ಬಳಸಿ ಹೇಳುವುದಿಲ್ಲ. ಸೂಚನೆಯ ಅಕ್ಷರ ಸಣ್ಣದು ಮಾಡಿ ಎನ್ನಬಹುದಿತ್ತು. ನಾನು ಕಟ್ಟಿದ ದೋಣಿಯ ಕಥೆಯಲ್ಲಿ ಒಂದು ಸಾಲು ಕಡಿಮೆ ಮಾಡಬಹುದಿತ್ತು. ಅದೆಲ್ಲ ಆಗ ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ, ಹೊಳೆದಿತ್ತು. ಆದರೆ ನನ್ನ ಹೆಸರು ಅಚ್ಚಿನಲ್ಲಿ ಬಂದಿದ್ದದ್ದು ಅದೇ ಮೊದಲ ಸಲ. ಬಿ.ಎ. ಎಂಬ ಎರಡು ಅಕ್ಷರ, ಎರಡು ಚುಕ್ಕೆ ಅಲ್ಲಿ ಕಪ್ಪಗೆ ಹೊಳೆಯುತ್ತಿದ್ದವು. ಸಾಲಿಗೆ ಕತ್ತರಿ ಬೀಳುತ್ತದೆ ಅಂದಕೂಡಲೇ, ನನ್ನದೇ ಹೋಗುತ್ತದೇನೋ ಎಂದು ಹೆದರಿದೆ. ಬ್ಯಾಂಡಿನಲ್ಲಿ ನಾಲ್ವರಿರುವಾಗ ಎಲ್ಲ ವಾದ್ಯ ಇನ್ನೊಬ್ಬರದು ಎಂದರೆ ಕಥೆ ಕೆಡುತ್ತದಲ್ಲ, ಎಂಬ ನೆಪವನ್ನು ಮನಸ್ಸು ತಾನೇ ತಂದುಕೊಟ್ಟಿತು. ಕೆಂಪು ಪೆನ್ನು ತೆಗೆದುಕೊಂಡು ಕಾಕಾನ ಸಾಲಿನ ಮೇಲೆ ಗೆರೆ ಎಳೆದೆ. ರೂಢಿಯಂತೆ ಪಕ್ಕದಲ್ಲಿ ಸಹಿ ಮಾಡಿದೆ. ಮಾಸ್ತರರು ಅದನ್ನು ಕಟ್ಟಿಗೆ ಸೇರಿಸಿದರು.

ಕಾರ್ಡು ಅಚ್ಚಾಗಿ ಬಂದ ದಿನ ಒಂದನ್ನು ಮನೆಗೆ ಒಯ್ದೆ. ಅಪ್ಪ ಬೆರಳಿಟ್ಟು ಹುಡುಕಿ ಕಡೆಯ ಸಾಲಿನಲ್ಲಿ ನನ್ನ ಹೆಸರು ಕಂಡುಹಿಡಿದ. ಮರುದಿನ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಯಾರ್ಡಿಗೆ ಹೋಗಿ, ತನ್ನ ಜೊತೆಯ ಹಮಾಲರಿಗೆಲ್ಲ ತೋರಿಸಿ ಬಂದ. ಅಂದು ಅವನ ಮುಖ ನೋಡಿ ನನಗೆ ಆದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ. ಇನ್ನೊಬ್ಬ ಅಪ್ಪನ ನೆನಪೂ ಆಗ ಬರಲಿಲ್ಲ.

ರಜೆಯ ದಿನ ಕಾಕಾ ಬಂದರು. ಕಾರ್ಡು ಕೈಗೆ ಕೊಟ್ಟೆ. ಚಾಳೀಸು ಹಾಕಿಕೊಂಡು ಕೆಳಗಿನಿಂದ ಮೇಲಕ್ಕೆ ಓದಿದರು. ಮತ್ತೊಮ್ಮೆ ಮೇಲಿನಿಂದ ಕೆಳಕ್ಕೆ ಓದಿದರು. ತಿರುವಿ ಹಿಂದುಗಡೆ ನೋಡಿದರು. ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ, ಸಾಹುಕಾರ್ರು ತೆಗೆಸಿದರು, ಬ್ಯಾಂಡಿನ ಕಥೆ ಕೆಡುತ್ತದೆ ಅಂದರು, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದು. ಎಷ್ಟು ಹೇಳಿದರೂ ಎಂಬುದನ್ನು ಯಾಕೆ ಸೇರಿಸಿದೆನೋ…

"ಹೌದ್ ಬಿಡ್ರಿ, ಅವರ ಧಂದೆ" ಅಂದರು. ಚಹಾ ಕುಡಿದರು. ಅಂದಿನ ಭಜನೆಗೆ ಬೆಂಜೊ ನುಡಿಸಿದರು. ನಾನು ಪಾರಾದೆ ಎಂದುಕೊಂಡೆ.

ಆಮೇಲೆ ಒಂದು ಹತ್ತು ದಿನ ಕಳೆದಿರಬೇಕು. ವರ್ಕ್‌ಶಾಪಿನ ನೀಲಿ ಬಟ್ಟೆಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಸಾಹುಕಾರ್ರು ಊಟಕ್ಕೆ ಹೋಗಿದ್ದರು. ಕಾಕಾ ಒಳಗೆ ಬರಲಿಲ್ಲ. ಬಾಯಾರ ಅನ್ನಲಿಲ್ಲ.

"ತಂಗಿ" ಅಂದರು. ಹಾಗೆ ಕರೆದದ್ದು ಅದೇ ಮೊದಲು. "ಆ ಸಾಲು ಸಾಹುಕಾರ್ರ ತಗಸಿದ್ರೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಗೊತ್ತಿರುವ ಲೆಕ್ಕವನ್ನು ಮತ್ತೊಮ್ಮೆ ಕೇಳುವ ಮಾಸ್ತರರ ಹಾಗಿತ್ತು.

"ಹೂಂ ಕಾಕಾ. ಅವರ ತಗಸಿದ್ರು."

ಅವರ ಕೈ ಅಂಗಿಯ ಕಿಸೆಯ ತನಕ ಹೋಗಿ ಅಲ್ಲೇ ನಿಂತಿತು. ಬೀಡಿ ಹುಡುಕುತ್ತಾರೇನೋ ಎಂದುಕೊಂಡೆ. "ಆತು. ಹಂಗಾರ ಆತು" ಅಂದರು. ಒಳಗೆ ಬಂದು ಮೊಳೆಗೆ ತೂಗುಹಾಕಿದ್ದ ತಮ್ಮ ಗಿಟಾರಿನ ವಾಯರನ್ನು ಸುತ್ತಿ ತೆಗೆದುಕೊಂಡರು. ಮತ್ತೆ ಎಂದೂ ಬರಲಿಲ್ಲ.

ಕ್ಯಾಸೆಟ್ ಚೆನ್ನಾಗಿ ಓಡಿತು. ಧಾರವಾಡದ ಕಾಲೇಜುಗಳ ಗ್ಯಾದರಿಂಗಿನಲ್ಲಿ ಹುಡುಗರು ಅದಕ್ಕೆ ಕುಣಿದರು. ಎರಡನೆಯ ಕ್ಯಾಸೆಟ್ ಬೇಕೆಂದು ಕಾರವಾರದ ವ್ಯಾಪಾರಿ ಬೆನ್ನು ಹತ್ತಿದ. ಸಾಹುಕಾರ್ರು ಕಾಕಾಗೆ ಹೇಳಿ ಕಳಿಸಿದರೆ, ಬೆರಳು ನೋಯುತ್ತವೆ ಎಂಬ ಉತ್ತರ ಬಂತು. "ಏನಾತು ಇವರಿಗೆ, ಯಾರರೆ ಏನರೆ ಅಂದ್ರೇನು?" ಎಂದು ಸಾಹುಕಾರ್ರು ನನ್ನನ್ನೇ ಕೇಳಿದರು. ಗೊತ್ತಿಲ್ಲ ಎಂದೆ. ಬೇರೆ ಇಬ್ಬರನ್ನು ಕರೆಸಿ ಟಾಕಿಯಲ್ಲಿ ಸ್ಪೀಕರು ಇಳಿಬಿಟ್ಟು ನೋಡಿದರು. ಬಂದದ್ದು ಟಾಕಿಯ ಸದ್ದು ಮಾತ್ರ. ಉಪ್ಪುಗಾಳಿ ಅಲ್ಲಿಗೆ ನಿಂತಿತು. ತಾವು ಮಾಡದ ತಪ್ಪನ್ನು ಸಾಹುಕಾರ್ರು ತಿಳಿಯದೆಯೇ ಹೊತ್ತರು. ಅವರೂ ಈಗ ಇಲ್ಲ.

ನಾನು ಮುಂದೆ ಎಂ.ಎ. ಮಾಡಿದೆ, ಬಿ.ಎಡ್. ಮಾಡಿದೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ. ಸಭೆ ಸಮಾರಂಭಗಳಲ್ಲಿ ನನ್ನ ಪರಿಚಯ ಓದುವಾಗ, ಹುಬ್ಬಳ್ಳಿಯಲ್ಲಿ ಇಂಥದೊಂದು ಬ್ಯಾಂಡ್ ಹುಟ್ಟುಹಾಕಿದವರು ಎಂದು ಒಂದು ಸಾಲು ಇರುತ್ತಿತ್ತು. ಆ ಸಾಲು ಬರೆದುಕೊಡುತ್ತಿದ್ದವಳೂ ನಾನೇ.

ಒಮ್ಮೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಧಾರವಾಡದ ಬಸ್ಸಿನಲ್ಲಿ ಕಾಕಾ ಕಂಡರು. ಕಿಟಕಿಯ ಬದಿ ಕೂತಿದ್ದರು. ನನ್ನನ್ನು ನೋಡಿ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ನಾನು ಇಳಿಯಬೇಕಾಗಿದ್ದದ್ದು ಧಾರವಾಡದಲ್ಲಿ. ರಾಯಾಪುರ ಬಂದಾಗಲೇ ಇಳಿದುಬಿಟ್ಟೆ. ಬಸ್ಸು ಹೋಗುವವರೆಗೆ ತಲೆ ಎತ್ತಲಿಲ್ಲ.

ಇಷ್ಟೆಲ್ಲ ಆದ ಮೇಲೆ ಈ ತರುಣ ಬಂದು ಕೇಳುತ್ತಿದ್ದಾನೆ, ಗಿಟಾರ್ ನುಡಿಸಿದವರು ಯಾರು ಎಂದು. ಹೆಸರು ಹೇಳಿದೆ. ಅವನು ಮೊಬೈಲಿನಲ್ಲಿ ಬರೆದುಕೊಂಡ. ಉಪ್ಪುಗಾಳಿಯನ್ನು ಹೊಸದಾಗಿ ಹೊರತರುತ್ತೇವೆ, ಮನೆಯವರ ಒಪ್ಪಿಗೆ ಸಿಕ್ಕರೆ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕುತ್ತೇವೆ ಅಂದ. ಒಪ್ಪಿಗೆ ನಾನು ತರುತ್ತೇನೆ ಎಂದೆ. ಕಾಕಾ ಸಿಗಬಹುದು, ಎಂಬತ್ತು ದಾಟಿರುತ್ತಾರೆ, ಕಾಲು ಮುಟ್ಟಿ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ.

ವರ್ಕ್‌ಶಾಪಿನ ಹಳಬರೊಬ್ಬರು ಕಾಕಾ ತೀರಿಕೊಂಡು ಮೂರು ವರ್ಷವಾಯಿತೆಂದರು. ಮಗಳು ಧಾರವಾಡದ ಮಾಳಮಡ್ಡಿಯಲ್ಲಿ ಔಷಧದ ಅಂಗಡಿ ಇಟ್ಟಿದ್ದಾಳೆಂದು ದಾರಿ ಹೇಳಿದರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಿಂತೆ. ನಡುವಯಸ್ಸಿನ ಹೆಣ್ಣುಮಗಳು, ಕಾಕಾನದೇ ಹಣೆ. ಎಲ್ಲರೂ ಹೋದ ಮೇಲೆ, ಏನು ಬೇಕ್ರಿ, ಎಂದು ಕೇಳಿದಳು. ನನ್ನ ಹೆಸರು ಹೇಳಿದೆ. ಅವಳು ಕೈಯಲ್ಲಿದ್ದ ಗುಳಿಗೆಯ ಪಟ್ಟಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.

"ಬಿ.ಎ. ಅಲ್ಲೇನ್ರಿ?" ಅಂದಳು.

ಅಂಗಡಿಯ ಹಿಂದೆಯೇ ಮನೆ. ಕೂಡ್ರಿಸಿ ನೀರು ಕೊಟ್ಟಳು. ನಾನು ಬಂದ ಕಾರಣ ಹೇಳಿದೆ. ಗೆರೆ ಎಳೆದವಳು ನಾನೇ ಎಂಬುದನ್ನೂ ಹೇಳಿದೆ. ಬಾಯಿಂದ ಹೊರಬರಲು ಅಷ್ಟು ವರ್ಷ ಹಿಡಿದ ಮಾತಿಗೆ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ಪ್ರೆಸ್ಸಿನ ಪ್ರೂಫು. ಕೆಂಪು ಗೆರೆ ಮಾಸಿ ಕಂದಾಗಿತ್ತು. ಅದರ ಅಡಿಯಲ್ಲಿ ಕಾಕಾನ ಹೆಸರು ಸ್ಪಷ್ಟವಾಗಿ ಓದುವಂತಿತ್ತು. ಪಕ್ಕದಲ್ಲಿ ನನ್ನ ಸಹಿ.

ಅವಳು ಹೇಳಿದ್ದು ಇಷ್ಟು. ಆ ಕ್ಯಾಸೆಟ್ ಬಂದಾಗ ಶಾಲೆಯಲ್ಲಿ, ಇದನ್ನು ನಮ್ಮಪ್ಪ ಬಾರಿಸಿದ್ದು ಎಂದು ಹೇಳಿಕೊಂಡಿದ್ದಳು. ಗೆಳತಿಯೊಬ್ಬಳು ಕಾರ್ಡು ತಂದು, ಎಲ್ಲಿದೆ ನಿಮ್ಮಪ್ಪನ ಹೆಸರು ತೋರಿಸು ಅಂದಳು. ಇಡೀ ವರ್ಗ ನಕ್ಕಿತು. ಮನೆಗೆ ಬಂದು ಅಪ್ಪನಿಗೆ, ನೀನು ಸುಳ್ಳ ಹೇಳತಿ, ಎಲ್ಲಾ ಸುಳ್ಳ, ಎಂದು ಕೂಗಾಡಿದಳು. ಮರುದಿನ ಕಾಕಾ ಅರ್ಧ ದಿನ ರಜೆ ಹಾಕಿ ಪ್ರೆಸ್ಸಿಗೆ ಹೋದರು. ನನ್ನ ಹೆಸರಿದ್ದ ಹಳೆಯದು ಏನಾದರೂ ಬಿದ್ದಿದ್ದರೆ ಕೊಡಿ, ಮಗಳಿಗೆ ತೋರಿಸಬೇಕು ಎಂದು ಕೇಳಿದರು. ಮಾಸ್ತರರು ಕಟ್ಟಿನಿಂದ ಹುಡುಕಿ ಇದನ್ನು ಕೊಟ್ಟರು.

"ನೋಡವಾ, ಇತ್ತು. ಆಮ್ಯಾಲೆ ಜಾಗಾ ಸಾಲಲಿಲ್ಲಂತ, ಅಂದ್ರು ಅಪ್ಪ" ಎಂದಳು ಮಗಳು. "ನನಗ ಓದಾಕ ಬರ್ತಿತ್ತಲ್ರಿ. ಸಹಿ ನಾನ ಓದಿದೆ. ನಿಮ್ಮನ್ನ ಬೈದೆ. ಹಂಗ ಅನಬಾರದು, ಅಕಿ ಕಷ್ಟಪಟ್ಟ ಓದ್ಯಾಳ ಅಂದ್ರು. ಮರುದಿನ ಇದನ್ನ ಕಿಸೇದಾಗ ಇಟಕೊಂಡ ನಿಮ್ಮ ಕಡೆ ಬಂದಿದ್ರು. ಅಕಿ ತಾನ ಹೇಳಿದ್ರ ಇದನ್ನ ಅಲ್ಲೇ ಹರದು ಒಗದು ಬರ್ತೇನಿ ಅಂತ ಹೇಳಿ ಹೋಗಿದ್ರು."

ಕಾಗದ ಹರಿದಿರಲಿಲ್ಲ.

ಅವಳು ಅತ್ತಿದ್ದರೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಹಗುರು ಅವಳ ಕೆಲಸವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಾಕಾ ಗಿಟಾರನ್ನು ಮತ್ತೆ ಮುಟ್ಟಿದರೇ ಎಂದು ಕೇಳಿದೆ. ಮನೆಯಲ್ಲಿ ಬಾರಿಸುತ್ತಿದ್ದರು, ಬೆರಳು ನಡುಗುವ ತನಕ, ಅಂದಳು. ನಾನು ತಡಬಡಿಸುತ್ತ, ಈಗ ಹೊಸದಾಗಿ ಬರುವುದರಲ್ಲಿ ಹೆಸರು ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಬರುತ್ತದೆ, ನೀವು ಹೂಂ ಅಂದರೆ ಸಾಕು ಎಂದೆ.

"ಬ್ಯಾಡ್ರಿ" ಅಂದಳು. "ಅಪ್ಪ ಕೇಳಿದ್ದು ಒಂದ ಸಾಲು, ಅದೂ ಸಣ್ಣ ಅಕ್ಷರದಾಗ. ಈಗ ಅದು ಅವರಿಗೆ ಬೇಕಾಗಿಲ್ಲ. ನಿಮಗ ಬೇಕಾಗೈತಿ."

ಹಾಗಾದರೆ 'ಬರವಣಿಗೆ' ಎಂದಿರುವ ನನ್ನ ಸಾಲನ್ನೂ ತೆಗೆಸುತ್ತೇನೆ ಎಂದೆ. ಅವಳು ಪ್ರೂಫನ್ನು ಮೊದಲಿನಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದಳು.

"ನಿಮ್ಮ ಹೆಸರು ಇರಲ್ರಿ. ಇದ್ದಲ್ಲೇ ಇರಲಿ."

ಈ ವಿಷಯ ಬರೆಯಲೇ ಎಂದು ಬಾಗಿಲಲ್ಲಿ ನಿಂತು ಕೇಳಿದೆ. ಬರೆಯಿರಿ, ಆದರೆ ಅಪ್ಪನ ಹೆಸರಿಲ್ಲದೆ ಬರೆಯಿರಿ ಅಂದಳು. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದರು. ಅವಳು ಹೋದಳು.

ತರುಣನಿಗೆ ಫೋನ್ ಮಾಡಿ, ಮನೆಯವರು ಒಲ್ಲೆ ಅಂದಿದ್ದಾರೆ ಎಂದು ತಿಳಿಸಿದೆ. ಅವನಿಗೆ ಬೇಸರವಾಯಿತು. ಒಂದು ಸಣ್ಣ ಸಾಲಾದರೂ ಬೇಡವೇ ಎಂದು ಎರಡೆರಡು ಸಲ ಕೇಳಿದ.

"ಮೇಡಂ, ಈಗ ಮೊದಲಿನಂಗ ಜಾಗದ ಅಡಚಣಿ ಇಲ್ರಿ" ಅಂದ. "ಎಷ್ಟ ಸಾಲು ಬೇಕಾದ್ರೂ ಹಾಕಬಹುದು."

ಗೊತ್ತಪ್ಪಾ, ಎಂದೆ. ಫೋನಿಟ್ಟೆ. ಆಮೇಲೆ ಇದನ್ನು ಬರೆಯಲು ತೊಡಗಿದೆ. ಬರೆಯುವಾಗ ಆ ಹೆಸರು ಹತ್ತು ಸಲವಾದರೂ ಪೆನ್ನಿನ ತುದಿಗೆ ಬಂತು. ಹತ್ತು ಸಲವೂ ಕಾಕಾ ಎಂದೇ ಬರೆದೆ. ಲೇಖನದ ಕೆಳಗೆ ರೂಢಿಯಂತೆ ನನ್ನ ಹೆಸರು ಅಚ್ಚಾಗುತ್ತದೆ. ಅವಳು ಹೇಳಿದ ಹಾಗೆ, ಅದು ಅಲ್ಲೇ ಇರಲಿ.